ಎಡಗಡೆಯ ಬೋಗುಣಿ

ಹತ್ತು ತಿಂಗಳ ಕೂಸಿನ ಮುಂದೆ ಚಮಚ ಹಿಡಿದು ಬೇಡುವವನಂತೆ ಕೂತಿದ್ದೇನಲ್ಲ ಎಂಬುದಕ್ಕಿಂತ, ಅದನ್ನು ಅತ್ತೆ ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ನೋಡುತ್ತಿದ್ದಾರಲ್ಲ ಎಂಬುದೇ ಅವನಿಗೆ ಹೆಚ್ಚು ಕಿರಿಕಿರಿಯಾಗಿತ್ತು. ಅತ್ತೆ ಏನೂ ಹೇಳುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡಿರುವಾಗಲೇ ಆಕೆ ಹೆಚ್ಚು ಮಾತಾಡುವುದು ಎಂದು ಅವನಿಗೆ ಗೊತ್ತಿತ್ತು. ಸೇಬನ್ನು ಹಬೆಯಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ಕ್ಯಾರೆಟ್ಟಿನ ಜೊತೆ ಅರೆದು, ಜರಡಿಯಲ್ಲಿ ಸೋಸಿ, ನಾರಿನ ಒಂದೆಳೆಯೂ ಉಳಿಯದಂತೆ ನುಣ್ಣಗೆ ಮಾಡಿದ್ದ. ಈ ಮನೆಯಲ್ಲಿ ಇಷ್ಟು ಅಚ್ಚುಕಟ್ಟಾಗಿ ಮಾಡಬಲ್ಲವನು ತಾನೊಬ್ಬನೇ. ಅತ್ತೆಯ ಕೈಗೆ ಕೊಟ್ಟಿದ್ದರೆ ಬಾಳೆಹಣ್ಣನ್ನು ಬೆರಳಲ್ಲಿ ಹಿಸುಕಿ, ಅದೇ ಬೆರಳಿಂದ ಬಾಯಿಗೆ ತುರುಕಿ, ಮಿಕ್ಕಿದ್ದನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ಅವನು ಎರಡು ಚಮಚ ಇಟ್ಟುಕೊಂಡಿದ್ದ, ಒಂದು ತನಗೆ, ಒಂದು ಕೂಸಿಗೆ. ಪ್ರತಿ ತುತ್ತಿಗೆ ಮುಂಚೆ ತನ್ನ ಚಮಚದಲ್ಲಿ ಒಂದಿಷ್ಟು ತೆಗೆದು ನಾಲಿಗೆಯ ಮೇಲೆ ಹರಡಿಕೊಂಡು, ಕಣ್ಣನ್ನು ಸೂರಿಗೆ ನೆಟ್ಟು, ಹದ ಸರಿಯಿದೆ, ಬಿಸಿ ಸರಿಯಿದೆ, ಹುಳಿ ಏರಿಲ್ಲ ಎಂದು ಖಚಿತವಾದ ಮೇಲೆ ಎಡಗಡೆಯ ಸ್ಟೀಲ್ ಬೋಗುಣಿಗೆ ಉಗುಳಿ, ಆಮೇಲೇ ಕೂಸಿನ ಚಮಚ ತುಂಬುತ್ತಿದ್ದ. ಕೆಲಸಕ್ಕೆ ಹೋಗುವ ಮುಂಚೆ ಗಂಟಲಲ್ಲಿ ಸಿಹಿ ಇಳಿಸಿದರೆ ಅವನ ನಾಲಿಗೆ ಮಧ್ಯಾಹ್ನದವರೆಗೂ ಕೆಟ್ಟು ಕೂರುತ್ತದೆ. ಇಷ್ಟು ಜಾಗ್ರತೆ ಮಾಡುವ ಅಪ್ಪ ಊರಲ್ಲಿ ಇನ್ನೊಬ್ಬನಿದ್ದರೆ ತೋರಿಸಲಿ. ಕೂಸು ಬಾಯಿ ತೆರೆಯಿತು. ತುತ್ತನ್ನು ಒಳಗೆ ಬಿಟ್ಟುಕೊಂಡಿತು. ಕೆನ್ನೆ ಉಬ್ಬಿಸಿಕೊಂಡು ಏನೋ ಲೆಕ್ಕ ಹಾಕುವಂತೆ ಸ್ವಲ್ಪ ಹೊತ್ತು ಕೂತಿತ್ತು. ಆಮೇಲೆ ಕತ್ತು ವಾಲಿಸಿ, ಅವಸರವೇ ಇಲ್ಲದೆ, ತನ್ನ ತೊಡೆಯ ಪಕ್ಕಕ್ಕೆ ಎಲ್ಲವನ್ನೂ ಉಗುಳಿತು.

ಅಳು ಇಲ್ಲ, ರಂಪ ಇಲ್ಲ, ಕೈಕಾಲು ಬಡಿಯುವುದಿಲ್ಲ. ಅದೇ ಅವನ ಹೊಟ್ಟೆ ಉರಿಸುತ್ತಿದ್ದದ್ದು. ಅತ್ತಿದ್ದರೆ ಕೂಸು ಎನ್ನಬಹುದಿತ್ತು. ಇದು ತಪ್ಪು ಹುಡುಕಲೆಂದೇ ಬಂದ ಯಜಮಾನಿಯ ಹಾಗೆ ರುಚಿ ನೋಡಿ ಬೇಡವೆನ್ನುತ್ತಿತ್ತು. ಮನಸ್ಸಿನಲ್ಲಿ ಅವನು ಅದನ್ನು ಯಜಮಾನಿ ಎಂದೇ ಕರೆಯತೊಡಗಿದ್ದ. ಕಳೆದ ವಾರದವರೆಗೆ ಇದೇ ಯಜಮಾನಿ ಕೊಟ್ಟದ್ದನ್ನೆಲ್ಲ ನುಂಗುತ್ತಿದ್ದಳು, ಕೊಡದೆ ಇದ್ದ ಕಾಗದ, ಚಪ್ಪಲಿಯ ಬಾರು, ಅತ್ತೆಯ ಕನ್ನಡಕದ ದಾರವನ್ನೂ ಬಿಡುತ್ತಿರಲಿಲ್ಲ. ಸೋಮವಾರ ಅವಳ ಅಮ್ಮ ಮತ್ತೆ ಕೆಲಸಕ್ಕೆ ಹೋದಳು. ಉಣಿಸುವ ಕೆಲಸ ತಡವಾಗಿ ಮನೆ ಬಿಡುವ ಅವನ ಪಾಲಿಗೆ ಬಂತು. ಒಂದೆರಡು ದಿನದಲ್ಲೇ ಕೂಸು ಗಟ್ಟಿ ಆಹಾರ ಬಿಟ್ಟಿತು. ಹಾಲು ಮಾತ್ರ ಕುಡಿಯುತ್ತಿತ್ತು, ಅದೂ ಅರ್ಧ ಮನಸ್ಸಿನಿಂದ. ಅಷ್ಟೇ ಸಾಕಾಯಿತು, ಎಲ್ಲರೂ ವೈದ್ಯರಾದರು. ಕೆಳಮನೆಯಾಕೆ ಮೆಟ್ಟಿಲ ಮೇಲೆ ಸಿಕ್ಕಿ, ಚಮಚವನ್ನು ವಿಮಾನದ ಹಾಗೆ ಹಾರಿಸಿಕೊಂಡು ಬನ್ನಿ, ನಮ್ಮವನಿಗೆ ಹಾಗೇ ಮಾಡ್ತಿದ್ದೆ ಎಂದಳು. ಆಕೆಯ ಮಗ ಹೊಟ್ಟೆ ಹೊತ್ತುಕೊಂಡು ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡುವುದನ್ನು ಅವನು ದಿನಾ ಕೇಳುತ್ತಿದ್ದ, ಆದ್ದರಿಂದ ವಿಮಾನದ ಮಹಿಮೆಯ ಬಗ್ಗೆ ಅವನಿಗೆ ಸಂಶಯವಿರಲಿಲ್ಲ. ಅತ್ತೆ ಮೊಬೈಲಿನಲ್ಲಿ ಕುಣಿಯುವ ಕರಡಿಯನ್ನು ತೋರಿಸಿ ಉಣಿಸಲು ನೋಡಿದರು. ಯಜಮಾನಿ ಕರಡಿಯನ್ನು ಕಣ್ಣು ಮಿಟುಕಿಸದೆ ನೋಡಿದಳು, ತುತ್ತನ್ನು ಮರೆಯದೆ ಉಗುಳಿದಳು. ಇವರ ಬುದ್ಧಿಗೆ ಅದೇ ತಕ್ಕ ಉತ್ತರ ಎಂದು ಅವನು ಒಳಗೊಳಗೇ ಹಿಗ್ಗಿದ್ದೂ ಉಂಟು.

"ತಾಯಿ ಕೈ ತಪ್ಪಿದ್ರೆ ಮಕ್ಕಳು ಹೀಗೇ ಆಗೋದು," ಎಂದರು ಅತ್ತೆ ಕೊನೆಗೂ, ಯಾರಿಗೂ ಅಲ್ಲವೆಂಬಂತೆ, ಆದರೆ ಒಳಕೋಣೆಯಲ್ಲಿ ತಲೆ ಬಾಚುತ್ತಿದ್ದ ಮಗಳಿಗೆ ಕೇಳುವಷ್ಟು ಜೋರಾಗಿ.

ಹೆಂಡತಿ ಬಾಚಣಿಗೆ ಹಿಡಿದುಕೊಂಡೇ ಹೊರಬಂದಳು. ಕೂಸಿನ ತೊಡೆಯ ಪಕ್ಕದ ಕಿತ್ತಳೆ ಬಣ್ಣದ ಮುದ್ದೆಯನ್ನು ನೋಡಿದಳು. ಅವಳದು ಕಿವಿ ಕೇಳಿಸದವರಿಗೆ ಯಂತ್ರ ಹೊಂದಿಸಿಕೊಡುವ ಕೆಲಸ. ಎಂದೂ ಸದ್ದು ಕೇಳದ ಮಗುವೊಂದು ಮೊದಲ ಬಾರಿಗೆ ಗಂಟೆಯ ಸದ್ದಿಗೆ ತಿರುಗಿ ನೋಡಿದ್ದನ್ನು ಅವಳು ಮೊನ್ನೆ ಬಂದು ಹೇಳುವಾಗ ಮುಖ ಕೆಂಪಗಾಗಿತ್ತು. ಹೆರಿಗೆಯ ನಂತರ ಅವಳ ಮುಖದಲ್ಲಿ ಅಂಥ ಕಳೆಯನ್ನು ಅವನು ಕಂಡಿರಲಿಲ್ಲ, ಅವನು ತಂದದ್ದಂತೂ ಅಲ್ಲ. "ಇವತ್ತು ಹೇಳಿಬಿಡ್ತೀನಿ ರೀ," ಎಂದಳು. "ಆಗಲ್ಲ ಅಂತ. ನನ್ನ ಜಾಗಕ್ಕೆ ಇನ್ನೊಬ್ಬಳು ಕಾಯ್ಕೊಂಡು ಕೂತಿದಾಳೆ. ಸಾಯಂಕಾಲದ ಒಳಗೆ ರಾಜೀನಾಮೆಗೆ ಸಹಿ ಹಾಕಿಕೊಟ್ರೆ ಸಾಕಂತೆ."

"ಡಾಕ್ಟರ್ ಏನಂತಾರೋ ನೋಡು," ಎಂದ ಅವನು.

"ಡಾಕ್ಟರ್ ಏನಂತಾರೆ? ನೀವು ಏನಂತೀರಾ ಹೇಳಿ."

ಅವನು ಚಮಚಗಳನ್ನು ಒರೆಸುತ್ತಿದ್ದ. ಬಿಡಬೇಡ ಎನ್ನಬಹುದಿತ್ತು. ಎನ್ನಬೇಕೆಂದು ಅನ್ನಿಸಿತೂ ಕೂಡ. ಆದರೆ ಈ ವಾರವೆಲ್ಲ ತಪ್ಪು ಅವಳ ತಲೆಯ ಮೇಲೆ ಕೂತಿತ್ತು, ಅಲ್ಲಿ ಅದು ಹಾಯಾಗಿ ಕೂತಿತ್ತು, ಅದನ್ನು ಎಬ್ಬಿಸುವ ಉಸಾಬರಿ ಅವನಿಗೆ ಬೇಡವಾಗಿತ್ತು. "ನಿನಗೆ ಹೇಗೆ ಸರಿ ಕಾಣುತ್ತೋ ಹಾಗೆ ಮಾಡು," ಎಂದ. ಈ ಮಾತನ್ನು ಉದಾರ ಗಂಡಂದಿರು ಆಡುತ್ತಾರೆ, ಹೇಡಿಗಳೂ ಆಡುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಅವಳು ಕೂಸಿನ ನೆತ್ತಿಗೆ ಮೂಗು ತಾಗಿಸಿ, ವಾಸನೆಯಿಲ್ಲದ ಸೋಪಿನಲ್ಲಿ ತೊಳೆದ ಕೈಯನ್ನು ಬೀಸಿ ಹೊರಟಳು. ಮನೆಯಲ್ಲಿ ಬೇರೆ ಸೋಪು ಇರಲಿಲ್ಲ. ಅವನ ಮೂಗಿಗೆ ಆಗದು ಎಂದು ಮದುವೆಯಾದ ವಾರದಲ್ಲೇ ಅವಳ ಹೂವಿನ ಎಣ್ಣೆ, ಪೌಡರು, ಎಲ್ಲವೂ ಕಸದ ಡಬ್ಬಿ ಸೇರಿದ್ದವು.

ಮಕ್ಕಳ ಡಾಕ್ಟರು ಗೋಡೆಗೆಲ್ಲ ಜಿರಾಫೆಗಳನ್ನು ಬಿಡಿಸಿಕೊಂಡು, ನಗುವನ್ನು ಬೆಳಿಗ್ಗೆಯೇ ಇಸ್ತ್ರಿ ಮಾಡಿಸಿಕೊಂಡು ಬಂದ ಹಾಗೆ ಕೂತಿದ್ದ. ಕೂಸನ್ನು ತಕ್ಕಡಿಯಲ್ಲಿಟ್ಟ, ಬಾಯಲ್ಲಿ ಬೆಳಕು ಹಾಯಿಸಿದ, ಹೊಟ್ಟೆ ತಟ್ಟಿದ. ತೂಕ ಇಳಿದಿತ್ತು. "ಬಾಯಲ್ಲಿ ಹುಣ್ಣಿಲ್ಲ, ಗಂಟಲು ಸರಿಯಾಗಿದೆ. ಮನೇಲಿ ಏನಾದ್ರೂ ಬದಲಾವಣೆ ಆಯ್ತಾ?" ಎಂದು ಡಾಕ್ಟರು ಕೇಳಿ ಮುಗಿಸುವ ಮೊದಲೇ ಅತ್ತೆ ಕುರ್ಚಿಯಲ್ಲಿ ಮುಂದೆ ಸರಿದು, "ಇದರಮ್ಮ ಕೆಲಸಕ್ಕೆ ಹೋಗೋಕೆ ಶುರು ಮಾಡಿದ್ಲು ಡಾಕ್ಟ್ರೇ, ಅದೇ," ಎಂದರು. ಡಾಕ್ಟರು "ಹಾಂ" ಎಂದ, ಕಳೆದುಹೋದ ಬೀಗದ ಕೈ ಸಿಕ್ಕವನಂತೆ. ಹೆತ್ತ ತಾಯಿಯೇ ಮಗಳನ್ನು ಹೀಗೆ ಹಿಡಿದುಕೊಡುವುದು ಅವನಿಗೆ ಅಸಹ್ಯವೆನಿಸಿತು. ಅಸಹ್ಯಪಡುತ್ತಲೇ ಸುಮ್ಮನೆ ಕೂತ.

"ಮನೇಲಿ ಯಾರಾದ್ರೂ ಮಗೂ ಮುಂದೆ ಊಟ ಮಾಡ್ತೀರಾ?" ಎಂದು ಡಾಕ್ಟರು ಕೇಳಿದ. ಅತ್ತೆ, ತನಗೆ ಎಲ್ಲರದಾದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ತಿಂದು ಅಭ್ಯಾಸ ಎಂದರು, ಮಗಳು ಕೆಲಸದ ಕಡೆಯೇ ತಿನ್ನುತ್ತಾಳೆ ಎಂದರು. "ನಾನು ಪ್ರತಿ ತುತ್ತೂ ರುಚಿ ನೋಡಿಯೇ ಕೊಡೋದು," ಎಂದ ಅವನು, ಕೊಂಚ ಬಿಗುವಿನಿಂದ. ಡಾಕ್ಟರು ಅದಾಗಲೇ ಮುಂದಿನ ಕೂಸಿನ ಅಳು ಕೇಳಿ ಬಾಗಿಲ ಕಡೆ ನೋಡುತ್ತಿದ್ದ. "ಒಳ್ಳೇದು. ಹಾಗೇ ಜೊತೇಲಿ ಕೂತು ತಿನ್ನಿ, ಮಗು ನೋಡ್ಲಿ, ನೋಡಿಯೇ ಕಲಿಯೋದು ಅವು. ಒತ್ತಾಯ ಮಾಡಬೇಡಿ. ಮುಂದಿನ ವಾರಾನೂ ತೂಕ ಇಳಿದಿದ್ರೆ ಆಸ್ಪತ್ರೇಲಿ ಇಟ್ಕೊಂಡು ನಳಿಗೆ ಹಾಕಬೇಕಾಗುತ್ತೆ." ನೋಡಿಯೇ ಕಲಿಯುವುದಂತೆ! ಇಷ್ಟು ಹೇಳಲು ಗೋಡೆಯ ಜಿರಾಫೆಗಳ ನಡುವೆ ಪದವಿಗಳನ್ನು ನೇತುಹಾಕಿಕೊಳ್ಳಬೇಕಿತ್ತೆ ಎಂದು ಅವನು ಮೆಟ್ಟಿಲಿಳಿಯುವಾಗ ಅಂದುಕೊಂಡ. ಆದರೆ ನಳಿಗೆ ಎಂಬ ಮಾತು ಹಿಂದೆಯೇ ಇಳಿದು ಬಂತು. ಆ ಪುಟ್ಟ ಮೂಗಿನಲ್ಲಿ ನಳಿಗೆ ಎಲ್ಲಿ ಹಿಡಿಸುತ್ತದೆ? ಅತ್ತೆಯನ್ನೂ ಕೂಸನ್ನೂ ಆಟೋದಲ್ಲಿ ಕೂರಿಸುವಾಗ ಕೂಸು ಅವನ ಅಂಗಿಯ ಗುಂಡಿಯನ್ನು ಹಿಡಿದುಕೊಂಡು ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಕಾರ್ಖಾನೆಯಲ್ಲಿ ಹಣ್ಣಿನ ರಸ, ಶರಬತ್ತು, ಜಾಮು ತಯಾರಾಗುತ್ತಿದ್ದವು. ಅವನು ರುಚಿ ಕೋಣೆಯ ಹಿರಿಯ. ಬಿಳಿ ಗೋಡೆ, ಬಿಳಿ ಮೇಜು, ಒಂದು ಗೋಡೆಗೆ ಗಾಜು. ಎಡಗಡೆ ಬೋಗುಣಿ, ಬಲಗಡೆ ನೀರು. ಒಂದು ಗುಟುಕು ತೆಗೆದುಕೊಂಡರೆ ಹಣ್ಣು ಎರಡು ದಿನ ಮೊದಲೇ ಕಿತ್ತದ್ದೋ, ಡಬ್ಬಿಯ ತಗಡಿನ ರುಚಿ ಇಳಿದಿದೆಯೋ, ಸಕ್ಕರೆ ತಳ ಹಿಡಿದಿದೆಯೋ ಹೇಳಬಲ್ಲವನಾಗಿದ್ದ. ನುಂಗುವುದು ಗಿರಾಕಿಗಳ ಕೆಲಸ ಎಂದು ಹೊಸಬರಿಗೆ ಹೇಳುತ್ತಿದ್ದ. ನುಂಗುವವರ ಬಗ್ಗೆ ಅವನಿಗೆ ತಾತ್ಸಾರ. ಮದುವೆಯ ಊಟಗಳಲ್ಲಿ ಬೆವರು ಸುರಿಸಿಕೊಂಡು ಚಪ್ಪರಿಸುವವರನ್ನು, ಬಸ್ಸಿನಲ್ಲಿ ಪೊಟ್ಟಣ ಬಿಚ್ಚಿ ಮೆಲ್ಲುವವರನ್ನು, ರಾತ್ರಿ ಪಾತ್ರೆ ಕೆರೆದು ತಿನ್ನುವ ಅತ್ತೆಯನ್ನು ಕಂಡಾಗ, ಇವರ ಬಾಯಿ ಬರೀ ಬಾಗಿಲು, ಯಾರು ಬಂದರೂ ಒಳಗೆ ಬಿಡುತ್ತದೆ ಎಂದುಕೊಳ್ಳುತ್ತಿದ್ದ. ಮದುವೆಯ ಹೊಸತರಲ್ಲಿ ಹೆಂಡತಿ ಹೊಸ ಹೊಸದಾಗಿ ಏನಾದರೂ ಮಾಡಿ ತಟ್ಟೆಯಲ್ಲಿಟ್ಟು, ತಾನು ಬಡಿಸಿಕೊಳ್ಳದೆ ಅವನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು. ಅವನು ಸೂರು ನೋಡಿ, "ಒಗ್ಗರಣೆ ಸೀದಿದೆ," ಎನ್ನುತ್ತಿದ್ದ, "ಉಪ್ಪು ಕೊನೆಯಲ್ಲಿ ಹಾಕಿದೀಯ," ಎನ್ನುತ್ತಿದ್ದ. ಅವನು ಹೇಳಿದ್ದೆಲ್ಲ ನಿಜವೇ ಆಗಿರುತ್ತಿತ್ತು. ಕ್ರಮೇಣ ಅವಳು ಮುಖ ನೋಡುವುದನ್ನು ಬಿಟ್ಟಳು, ಆಮೇಲೆ ಜೊತೆಯಲ್ಲಿ ಕೂತು ತಿನ್ನುವುದನ್ನೂ ಬಿಟ್ಟಳು. ಅವಳಿಗೆ ಹಸಿವು ಕಡಿಮೆ ಎಂದೇ ಅವನು ತಿಳಿದಿದ್ದ.

ಅಂದು ಅವನು ತಡವಾಗಿ ತಲುಪಿದಾಗ ರುಚಿ ಕೋಣೆಯಲ್ಲಿ ಜನ ನಿಂತಿದ್ದರು. ದೊಡ್ಡ ಅಂಗಡಿಗಳಿಂದ ಬಂದ ವ್ಯಾಪಾರಿಗಳು. ನಡುವೆ ಮ್ಯಾನೇಜರು. ಕಿತ್ತಳೆ ಹಣ್ಣುಗಳ ಚಿತ್ರವಿರುವ ಟೈ ಕಟ್ಟಿಕೊಂಡು ಬರುವ ಈತನಿಗೆ ಕಿತ್ತಳೆಗೂ ಮೂಸಂಬಿಗೂ ವ್ಯತ್ಯಾಸ ತಿಳಿಯುವುದು ಸಿಪ್ಪೆಯ ಬಣ್ಣದಿಂದ ಮಾತ್ರ ಎಂದು ಅವನು ಆಡಿಕೊಳ್ಳುತ್ತಿದ್ದ. ಮ್ಯಾನೇಜರು ಅವನ ಕುರ್ಚಿಯಲ್ಲಿ ಕೂತಿದ್ದ. ಗಾಜಿನಾಚೆ ನಿಂತಿದ್ದವನನ್ನು ಯಾರೂ ಗಮನಿಸಲಿಲ್ಲ. "ನಮ್ಮ ಹಿರಿಯರು ರುಚಿ ನೋಡೋದನ್ನ ನೀವು ನೋಡಬೇಕು ಸಾರ್, ಅದೇ ಒಂದು ಆಟ," ಎನ್ನುತ್ತ ಮ್ಯಾನೇಜರು ಖಾಲಿ ಚಮಚವನ್ನು ಬಾಯಿಗಿಟ್ಟುಕೊಂಡ. ಕೆನ್ನೆ ಉಬ್ಬಿಸಿದ. ಕಣ್ಣುಗಳನ್ನು ಸೂರಿಗೆ ನೆಟ್ಟು, ಜಗತ್ತೇ ತನ್ನ ತೀರ್ಪಿಗೆ ಕಾದಿದೆ ಎಂಬಂತೆ ಹುಬ್ಬೇರಿಸಿ ಕೂತ. ಆಮೇಲೆ ಕತ್ತನ್ನು ಎಡಕ್ಕೆ ವಾಲಿಸಿ, ಅವಸರವೇ ಇಲ್ಲದೆ, ಕೆಳತುಟಿಯನ್ನು ಮುಂದೆ ಚಾಚಿ ಉಗುಳುವಂತೆ ಮಾಡಿದ. ವ್ಯಾಪಾರಿಗಳು ಬಿದ್ದು ಬಿದ್ದು ನಕ್ಕರು. ಒಬ್ಬನಂತೂ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ, ಇನ್ನೊಂದ್ಸಲ," ಎಂದ.

ಅವಮಾನ ಮುಖಕ್ಕೆ ಏರುತ್ತಿದ್ದ ಹಾಗೆಯೇ ನಡುವೆ ಎಲ್ಲೋ ನಿಂತುಹೋಯಿತು. ಆ ಕೆನ್ನೆ, ಆ ಹುಬ್ಬು, ಎಡಕ್ಕೆ ವಾಲುವ ಆ ಕತ್ತು. ಇದನ್ನು ಅವನು ತನ್ನಲ್ಲಿ ಎಂದೂ ಕಂಡಿರಲಿಲ್ಲ. ಆದರೆ ಈ ವಾರವೆಲ್ಲ ದಿನಕ್ಕೆರಡು ಹೊತ್ತು ಕಂಡಿದ್ದ. ಮ್ಯಾನೇಜರು ಅಣಕಿಸುತ್ತಿದ್ದದ್ದು ಅವನ ಮಗಳನ್ನು. ಬೇಡ ಎನ್ನುತ್ತಿರಲಿಲ್ಲ ಅದು, ಹಠವೂ ಅಲ್ಲ, ತಾಯಿಯ ಕೈ ತಪ್ಪಿದ ದುಃಖವೂ ಅಲ್ಲ. ಅನ್ನವೆಂದರೆ ಹೀಗೆ, ಬಾಯಲ್ಲಿಟ್ಟುಕೊಳ್ಳಬೇಕು, ಮೇಲೆ ನೋಡಬೇಕು, ಎಡಕ್ಕೆ ತಿರುಗಿ ಉಗುಳಬೇಕು ಎಂದು ಅದು ಮನೆಯಲ್ಲಿ ಅನ್ನ ಬಾಯಿಗಿಡುವುದು ಕಾಣಿಸಿದ ಏಕೈಕ ಮನುಷ್ಯನಿಂದ ಕಲಿತಿತ್ತು. ಎಷ್ಟು ಚೆನ್ನಾಗಿ ಕಲಿತಿತ್ತು! ತಾನು ತಯಾರು ಮಾಡಿದ ಹೊಸಬರಲ್ಲಿ ಯಾರೂ ಇಷ್ಟು ಬೇಗ ಕಲಿತಿರಲಿಲ್ಲ ಎಂಬ ಹಾಳು ಹೆಮ್ಮೆ ಮೊದಲು ಬಂತು, ಆಮೇಲೆ ತಕ್ಕಡಿಯಲ್ಲಿ ಮಲಗಿದ್ದ ಅದರ ಪಕ್ಕೆಲುಬುಗಳು ನೆನಪಾದವು. ಎಲ್ಲ ತಿಳಿದವನೆಂದು ಮೆರೆಯುತ್ತಿದ್ದವನಿಗೆ ತನ್ನ ಬಾಯಿಯ ಬಗ್ಗೆಯೇ ತಿಳಿದಿರಲಿಲ್ಲ. ಥೂ ಎಂದುಕೊಂಡ. ಆ ಥೂ ಕೂಡ ಎಡಗಡೆಗೇ ಬಂತು.

ಹೊರಗೆ ಬಂದು ಫೋನು ತೆಗೆದ. ಹೆಂಡತಿ ಇನ್ನೂ ಸಹಿ ಹಾಕಿರಲಾರಳು. ಒಂದು ಮಾತು ಹೇಳಿದರೆ ಸಾಕಿತ್ತು. ಏನೆಂದು ಹೇಳುವುದು? ನಾನು ಮಗುವಿಗೆ ಉಗುಳುವುದನ್ನು ಕಲಿಸಿದೆ ಎಂದೇ? ಅವಳು ಮೊದಲು ಸುಮ್ಮನಾಗುತ್ತಾಳೆ, ಆಮೇಲೆ ನಗುತ್ತಾಳೆ, ಆಮೇಲೆ ನಗುವುದನ್ನು ನಿಲ್ಲಿಸಿ ಈ ವಾರವೆಲ್ಲ ಅವನು ಸುಮ್ಮನಿದ್ದದ್ದನ್ನು ನೆನೆಸಿಕೊಳ್ಳುತ್ತಾಳೆ. ರಾತ್ರಿಯೊಳಗೆ ಅತ್ತೆಗೆ ತಿಳಿಯುತ್ತದೆ, ಬೆಳಗಾಗುವುದರಲ್ಲಿ ಕೆಳಮನೆಯಾಕೆಗೆ. ಅತ್ತೆ ಅದಕ್ಕೆ ಉಪ್ಪು ಖಾರ ಹಚ್ಚಿ ನೆಂಟರ ಮದುವೆಗಳಲ್ಲೆಲ್ಲ ಬಡಿಸುತ್ತಾರೆ. ಅಷ್ಟಕ್ಕೂ ಇದು ಬರೀ ಊಹೆ. ಪರೀಕ್ಷೆ ಮಾಡಿ ಖಚಿತವಾಗದೆ ಬಾಯಿ ಬಿಡುವುದು ತನ್ನಂಥವನ ಲಕ್ಷಣವಲ್ಲ. ಹೀಗೆ ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡು ಫೋನನ್ನು ಜೇಬಿಗಿಳಿಸಿದ. ಅರ್ಧ ದಿನದ ರಜೆ ಹಾಕಿದ. ಬಸ್ಸಿನಲ್ಲಿ ಪಕ್ಕದವನು ಕಡಲೆಕಾಯಿ ಸುಲಿದು ತಿನ್ನುತ್ತಿದ್ದ. ಅವನ ಗಂಟಲ ಗಂಟು ಏರಿ ಇಳಿಯುವುದನ್ನು ನೋಡುತ್ತ ಕೂತ. ಎಷ್ಟು ಸಲೀಸು! ಯಾರೂ ಕಲಿಸದೆ ಬರುವ ವಿದ್ಯೆ ಇದು ಎಂದು ಅಂದುಕೊಂಡಿದ್ದೆನಲ್ಲ.

ಹೊತ್ತಲ್ಲದ ಹೊತ್ತಿನಲ್ಲಿ ಬಂದ ಅಳಿಯನನ್ನು ಕಂಡು ಅತ್ತೆ ಗಾಬರಿಯಾದರು. "ಏನೂ ಇಲ್ಲ," ಎಂದು ಅವನು ಚಪ್ಪಲಿ ಬಿಟ್ಟು, ಕೈ ತೊಳೆದು, ಬೆಳಿಗ್ಗೆ ಉಳಿದಿದ್ದ ಸೇಬು ಕ್ಯಾರೆಟ್ಟನ್ನು ಬಿಸಿ ಮಾಡಿದ. ಬೋಗುಣಿಯನ್ನು ಎತ್ತಿ ಪಾತ್ರೆ ತೊಳೆಯುವ ಜಾಗದಲ್ಲಿ ಬೋರಲು ಹಾಕಿದ. ಕೂಸನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಎದುರು ಕೂತು, ತನ್ನ ಚಮಚದಲ್ಲಿ ದೊಡ್ಡ ತುತ್ತನ್ನೇ ತೆಗೆದುಕೊಂಡ. ನಾಲಿಗೆ ತನ್ನ ಕೆಲಸ ತಾನು ಮಾಡತೊಡಗಿತು. ಸೇಬು ತುಸು ಹಳೆಯದು, ಕ್ಯಾರೆಟ್ಟು ಸಪ್ಪೆ, ಎರಡನೆಯ ಸಲ ಬಿಸಿ ಮಾಡಿದ ಮಂಕು ರುಚಿ. ಕಣ್ಣು ತಾನಾಗಿ ಸೂರಿನ ಕಡೆ ಏರಿತು. ಎಳೆದು ಕೆಳಗಿಳಿಸಿದ. ಕತ್ತು ಎಡಕ್ಕೆ ಸೆಳೆಯುತ್ತಿತ್ತು. ಕೂಸು ಕಣ್ಣು ಮಿಟುಕಿಸದೆ ನೋಡುತ್ತಿತ್ತು, ಮುಂದೇನಾಗುವುದೆಂದು ತನಗೆ ಗೊತ್ತು ಎಂಬಂತೆ. ನುಂಗಲು ಹೋದರೆ ಗಂಟಲು ಒಪ್ಪಲಿಲ್ಲ. ಕಣ್ಣಲ್ಲಿ ನೀರು ಬಂತು. ಜೋರಾಗಿ ಸದ್ದು ಮಾಡಿ, ಅತ್ತೆಯ ಹಾಗೆ, ಬಸ್ಸಿನವನ ಹಾಗೆ, ನುಂಗಿದ. ಆಮೇಲೆ, ಜನ್ಮದಲ್ಲಿ ಮೊದಲ ಬಾರಿಗೆ, ತುಟಿ ಚಪ್ಪರಿಸಿದ. "ಆಹಾ," ಎಂದ. ಅವನ ಧ್ವನಿ ಅವನಿಗೇ ಅಸಹ್ಯವಾಗಿತ್ತು.

"ಅಳಿಯಂದ್ರೇ, ಅದು ಪಾಪೂದು," ಎಂದರು ಅತ್ತೆ ಬಾಗಿಲಿನಿಂದ.

ಕೂಸು ಅವನ ಗಂಟಲನ್ನು ನೋಡಿತು. ಮತ್ತೆ ಬಾಯಿಯನ್ನು ನೋಡಿತು. ತುತ್ತು ಎಲ್ಲಿ ಹೋಯಿತೆಂದು ಹುಡುಕುವಂತೆ ಕೈ ಚಾಚಿ ಅವನ ತುಟಿಗಳನ್ನು ಬಿಡಿಸಿ ಒಳಗೆ ಬೆರಳು ಹಾಕಿತು. ಅವನು ಆ ಎಂದು ಬಾಯಿ ತೆರೆದು ತೋರಿಸಿದ. ಖಾಲಿ. ಇನ್ನೊಂದು ಚಮಚ ತಿಂದ. ಮತ್ತೊಂದು ತಿಂದ. ಆಮೇಲೆ ಕೂಸಿನ ಚಮಚ ತುಂಬಿ ಹಿಡಿದ. ಅದು ಬಾಯೊಳಗೆ ಬಿಟ್ಟುಕೊಂಡಿತು, ಕೆನ್ನೆ ಉಬ್ಬಿಸಿತು, ಕಣ್ಣು ಮೇಲೇರಿತು, ಕತ್ತು ಎಡಕ್ಕೆ ವಾಲಿತು. ಅಲ್ಲಿಂದಲೇ, ಓರೆಯಾಗಿ, ಅದು ಅವನನ್ನು ನೋಡಿತು. ಅವನು ಬಾಯಲ್ಲಿ ಏನಿಲ್ಲದಿದ್ದರೂ ದೊಡ್ಡದಾಗಿ ನುಂಗಿದ. ಕೂಸಿನ ಪುಟ್ಟ ಗಂಟಲು ಒಮ್ಮೆ ಅಲುಗಿತು. ಆಮೇಲೆ ಅದು ಬಾಯಿ ತೆರೆದು, ಅವನು ತೋರಿಸಿದ ಹಾಗೆಯೇ, ಖಾಲಿ ಬಾಯನ್ನು ಅವನಿಗೆ ತೋರಿಸಿತು. ಅವನಿಗೆ ಅಳು ಬಂತು. ಇಷ್ಟು ಸಂತೋಷವಾದದ್ದು ಅವನಿಗೆ ನೆನಪಿರಲಿಲ್ಲ. ಅತ್ತೆ ಇದ್ದಾರೆಂಬುದೂ ಮರೆತು, "ಜಾಣೆ, ನನ್ನ ಜಾಣೆ," ಎಂದು ಒಂದಾದ ಮೇಲೊಂದು ತುತ್ತು ಕೊಟ್ಟ, ತಾನೂ ತಿಂದ. ಬಟ್ಟಲು ಅರ್ಧವಾಗುವ ಹೊತ್ತಿಗೆ ಬಾಗಿಲು ತೆರೆದ ಸದ್ದಾಯಿತು.

ಹೆಂಡತಿ ಚೀಲವನ್ನು ಹೆಗಲಿನಿಂದ ಇಳಿಸದೆ ನಿಂತುಬಿಟ್ಟಿದ್ದಳು. ಅತ್ತಿದ್ದ ಮುಖ. ಕೂಸು ಬಾಯಿ ತೆರೆಯುವುದನ್ನು ನೋಡಿದಳು, ನುಂಗುವುದನ್ನು ನೋಡಿದಳು. ಅಲ್ಲೇ ನೆಲದ ಮೇಲೆ ಕುಸಿದು ಕೂತು ಕೂಸಿನ ಪಾದಗಳನ್ನು ಹಿಡಿದುಕೊಂಡಳು. "ಸಹಿ ಹಾಕಿ ಬಂದೆ ರೀ," ಎಂದಳು. "ದಾರಿ ಉದ್ದಕ್ಕೂ ಅತ್ಕೊಂಡು ಬಂದೆ, ತಪ್ಪು ಮಾಡಿದ್ನೇನೋ ಅಂತ. ನೋಡಿ, ನಾನು ಬಿಟ್ಟ ದಿನಾನೇ ತಿಂತಿದಾಳೆ. ಅವಳಿಗೆ ಹೇಗೆ ತಿಳೀತಮ್ಮಾ?"

"ಕರುಳಿಗೆ ತಿಳಿಯುತ್ತೆ," ಎಂದು ಅತ್ತೆ ಸೆರಗಿನಿಂದ ಕಣ್ಣೊತ್ತಿಕೊಂಡರು. "ನಾನು ಮೊದಲಿಂದ ಬಡ್ಕೊಳ್ತಾ ಇರಲಿಲ್ವಾ?"

"ನಾಳೆ ಬೆಳಿಗ್ಗೆ ಆ ಹೊಸಬಳನ್ನ ಕರೀತಾರಂತೆ. ಮನಸ್ಸು ಬದಲಾದ್ರೆ ಅಷ್ಟರೊಳಗೆ ಫೋನ್ ಮಾಡಿ ಅಂದ್ರು. ಇನ್ಯಾಕೆ ಫೋನು?" ಅವಳು ನಗುತ್ತಿದ್ದಳು. ಆ ನಗುವಿನಲ್ಲಿ ಗಂಟೆಯ ಸದ್ದಿಗೆ ತಿರುಗಿದ ಮಗುವಿನ ವಿಷಯ ಹೇಳಿದಾಗಿನ ಕಳೆ ಇರಲಿಲ್ಲ, ಅದು ಅವನಿಗೆ ಸ್ಪಷ್ಟವಾಗಿ ಕಂಡಿತು. ರುಚಿ ವ್ಯತ್ಯಾಸ ಹಿಡಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನಾಳೆ ಬೆಳಿಗ್ಗೆಯವರೆಗೆ ಸಮಯವಿತ್ತು. ಈಗಲೇ ಹೇಳಿದರೆ ಇನ್ನೂ ಒಳ್ಳೆಯದು. ನಿನ್ನಿಂದಲ್ಲ, ನನ್ನಿಂದ, ಇಷ್ಟೇ ಮಾತು. ಆದರೆ ಅವನ ಬಾಯಲ್ಲಿ ತುತ್ತಿತ್ತು, ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

"ಅಲ್ವಾ ರೀ?" ಎಂದು ಅವಳು ಅವನ ಮುಖ ನೋಡಿದಳು. ಬಹಳ ವರ್ಷಗಳ ಮೇಲೆ, ಮೊದಲಿನ ಹಾಗೆ, ಉತ್ತರಕ್ಕೆ ಕಾದು ನೋಡಿದಳು.

ಅವನು ನುಂಗಿದ. ಬಾಯಿ ಖಾಲಿಯಾಯಿತು.

"ಹೌದು ಕಣೆ," ಎಂದ.

ಕೂಸು ಅವನ ಬಾಯನ್ನೇ ನೋಡುತ್ತ ಮುಂದಿನ ತುತ್ತಿಗೆ ಬಾಯಿ ತೆರೆದು ಕಾದಿತ್ತು.